ಪೊಟ್ಟಣದ ಬೆನ್ನ ಮೇಲಿನ ಉಪ್ಪು

ಆ ಮನೆಯಲ್ಲಿ ಜಗಳ ಹುಟ್ಟಿದ್ದು ಉಪ್ಪಿನ ವಿಷಯಕ್ಕೆ.

ಮನೆಯ ಯಜಮಾನ ಬಸ್ ಚಾಲಕ. ರಕ್ತದೊತ್ತಡ ಏರಿದೆಯೆಂದು ಡಿಪೋದ ವೈದ್ಯರು ಅವನನ್ನು ಚಾಲಕನ ಸೀಟಿನಿಂದ ಇಳಿಸಿ ಟಿಕೆಟ್ ಕಿಟಕಿಯಲ್ಲಿ ಕೂರಿಸಿದ್ದರು. ಮಾತ್ರೆ ತಪ್ಪಿಸಬಾರದು, ಉಪ್ಪು ಕಡಿಮೆ ಮಾಡಬೇಕು, ಎರಡು ತಿಂಗಳಲ್ಲಿ ಒತ್ತಡ ಇಳಿಯದಿದ್ದರೆ ಇನ್ನು ಸ್ಟೇರಿಂಗ್ ಮುಟ್ಟುವಂತಿಲ್ಲ ಎಂದು ಹೇಳಿದ್ದರು. ಮೂರು ವಾರ ಕಳೆದವು. ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ಅಡುಗೆಗೆ ಬೀಳುತ್ತಿದ್ದ ಉಪ್ಪು ಕಾಲು ಭಾಗಕ್ಕೆ ಇಳಿಯಿತು. ಒತ್ತಡ ಮಾತ್ರ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಅವನ ಹೆಂಡತಿಗೆ ಅನುಮಾನ ಹುಟ್ಟಿತು. ಅವಳು ಹಗಲೆಲ್ಲ ಕೆಲಸಕ್ಕೆ ಹೋಗುವವಳು. ಒಲೆ ಅತ್ತೆಯ ಕೈಯಲ್ಲಿ.

"ಅತ್ತೆ, ಬೆನ್ನ ಹಿಂದೆ ಮಾತಾಡೋಳಲ್ಲ ನಾನು. ಮುಖಕ್ಕೇ ಕೇಳ್ತೀನಿ. ಮಗ ಸಪ್ಪೆ ತಿಂತಾನೆ ಅಂತ ಕರುಳು ಚುರ್ ಅಂದು ಒಂದು ಚಿಟಿಕೆ ಜಾಸ್ತಿ ಹಾಕ್ತಿದೀರಾ?"

"ಹಾಕಿದ್ರೆ ನನ್ನ ಕೈ ಬಿದ್ದುಹೋಗ್ಲಿ! ಹೆತ್ತವಳು ಕಣೆ ನಾನು. ಮಗನ ಕೆಲಸ ಹೋಗ್ಲಿ ಅಂತ ಕಾಯ್ತೀನಾ?"

"ಯಾರೂ ಹಾಕಿಲ್ಲ, ಸುಮ್ನಿರ್ರಿ ಇಬ್ರೂ," ಎಂದ ಗಂಡ. "ಈ ಊಟ ಬಾಯಿಗಿಟ್ರೆ ಗೋಡೆ ನೆಕ್ಕಿದ ಹಾಗಿದೆ. ಅಲ್ಲ, ಗೋಡೆಗಾದ್ರೂ ಸುಣ್ಣದ ರುಚಿ ಇರುತ್ತೆ."

ಮರುದಿನ ಸೊಸೆ ಅಂದಿನ ಅಡುಗೆಗೆ ಬೇಕಾದಷ್ಟನ್ನು ಮಾತ್ರ ಅಳೆದು ಹೊರಗಿಟ್ಟು, ಉಪ್ಪಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಅತ್ತೆ ಮಾತು ಬಿಟ್ಟರು.

ಅವಳ ಕೆಲಸ ಅಚ್ಚುಕೂಟದಲ್ಲಿ. ತಿಂಡಿಯ ಪೊಟ್ಟಣಗಳಿಗೆ ಅಂಟಿಸುವ ಲೇಬಲ್‌ಗಳನ್ನು ಅಲ್ಲಿ ಅಚ್ಚು ಹಾಕುತ್ತಾರೆ. ಯಂತ್ರದಿಂದ ಬಂದ ಹಾಳೆಗಳನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸುವವಳು ಅವಳೇ. ಬಣ್ಣ ಹರಡಿದೆಯೇ, ಗೆರೆ ಜರುಗಿದೆಯೇ, ಅಕ್ಷರದ ಅಂಚು ಒಡೆದಿದೆಯೇ, ಯಾವುದೂ ಅವಳ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಜೊತೆಯವರು ಅವಳನ್ನೇ 'ಭೂತಗನ್ನಡಿ' ಎಂದು ಕರೆಯುತ್ತಿದ್ದರು. ಆ ಕೆಲಸಕ್ಕೆ ಒಂದು ರೂಢಿಯಿತ್ತು: ಹಾಳೆಯನ್ನು ತಲೆಕೆಳಗಾಗಿ ಹಿಡಿಯಬೇಕು. ಕಣ್ಣು ಓದತೊಡಗಿದರೆ ಕಲೆ ಕಾಣುವುದಿಲ್ಲ. ಹೀಗೆ ಹನ್ನೊಂದು ವರ್ಷ ಲಕ್ಷಾಂತರ ಲೇಬಲ್‌ಗಳನ್ನು ನೋಡಿದ ಆ ಹೆಣ್ಣುಮಗಳು ಒಂದನ್ನೂ ಓದಿರಲಿಲ್ಲ.

ಆ ವಾರಾಂತ್ಯಕ್ಕೆ ಬಡಾವಣೆಯ ಆರೋಗ್ಯ ಕೇಂದ್ರದ ನರ್ಸಮ್ಮ ಒತ್ತಡ ಅಳೆಯಲು ಮನೆಗೆ ಬಂದರು. ಪಟ್ಟಿ ಬಿಗಿದು, ಗಾಳಿ ಬಿಟ್ಟು, ಹುಬ್ಬು ಗಂಟಿಕ್ಕಿದರು.

"ನಿನ್ನೆ ಬೆಳಗ್ಗೆಯಿಂದ ಏನೇನು ಬಾಯಿಗೆ ಹೋಯ್ತೋ ಅದೆಲ್ಲ ತಂದು ಈ ಮೇಜಿನ ಮೇಲಿಡಿ. ನೀರೂ ಬಿಡಬೇಡಿ."

ಭೂತಗನ್ನಡಿ ಅಭಿಮಾನದಿಂದಲೇ ಎರಡು ಸೂಪಿನ ಪೊಟ್ಟಣ ತಂದಿಟ್ಟಳು. ಮುಂಭಾಗದಲ್ಲಿ ಹಸಿರು ಎಲೆ, ಕೆಂಪು ಹೃದಯ, 'ತರಕಾರಿಯ ಸತ್ವ' ಎಂಬ ದಪ್ಪ ಅಕ್ಷರ.

"ಊಟ ಸಪ್ಪೆ ಅಂತ ಗೊಣಗ್ತಾರಲ್ಲ, ಅದಕ್ಕೆ ಮಧ್ಯಾಹ್ನಕ್ಕೆ ಒಂದು ಡಿಪೋಗೆ ಕಟ್ಟಿಕೊಡ್ತೀನಿ, ಸಂಜೆ ಮನೇಲಿ ಒಂದು ಕೊಡ್ತೀನಿ. ಬಿಸಿನೀರು ಹಾಕಿದ್ರೆ ಆಯ್ತು. ಇದರ ಲೇಬಲ್ ಪಾಸ್ ಮಾಡೋದು ನಾನೇ ನರ್ಸಮ್ಮ. ಒಂದು ತಪ್ಪು ಹುಡುಕಿ ನೋಡೋಣ."

"ಅಚ್ಚಲ್ಲಿ ತಪ್ಪಿಲ್ಲ, ಒಪ್ಪಿದೆ. ಹಿಂದೆ ತಿರುಗಿಸಿ ಓದಿ."

"ಉಪ್ಪು ಅಂತ ಈ ಅಂಕಿಗಳ ಪಟ್ಟಿಯಲ್ಲಿ ಎಲ್ಲೂ ಇಲ್ಲ ನೋಡಿ!"

"ಸೋಡಿಯಂ ಅಂತ ಇದೆಯಾ?"

ಇತ್ತು. ಏಳುನೂರ ಇಪ್ಪತ್ತು ಮಿಲಿಗ್ರಾಂ.

"ಅದೇ ಉಪ್ಪಿನ ಲೆಕ್ಕ. ಮೇಲೆ 'ಒಂದು ಬಾರಿಗೆ' ಅಂತಿದೆ. ಪೊಟ್ಟಣದಲ್ಲಿ ಎಷ್ಟು ಬಾರಿಗೆ ಇದೆ ಅಂತ ಬರೆದಿದ್ದಾರೆ?"

ಅವಳ ದನಿ ಇಳಿಯಿತು. "ಎರಡು."

"ನಿಮ್ಮವರು ಅರ್ಧ ಕುಡಿದು ಅರ್ಧ ಎತ್ತಿಡ್ತಾರಾ?"

"ಅವನಾ? ಲೋಟನೂ ತೊಳೆದು ಕುಡೀತಾನೆ!" ಎಂದರು ಅತ್ತೆ, ಮೌನ ಮುರಿದು.

ನರ್ಸಮ್ಮ ಲೆಕ್ಕ ಹಾಕಿದರು. ಪೊಟ್ಟಣಕ್ಕೆ ಸಾವಿರದ ನಾನೂರ ನಲವತ್ತು, ಎರಡಕ್ಕೆ ಎರಡು ಸಾವಿರದ ಎಂಟುನೂರ ಎಂಬತ್ತು. ಸೋಡಿಯಂ ಅನ್ನು ಉಪ್ಪಿನ ತೂಕಕ್ಕೆ ತರಲು ಎರಡೂವರೆಯಿಂದ ಗುಣಿಸಿದರೆ ಏಳು ಗ್ರಾಂ ದಾಟಿತು. ಬೀರು ತೆರೆಸಿ, ತಟ್ಟೆಯಲ್ಲಿ ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು ಸುರಿದರು. "ದೊಡ್ಡವರಿಗೆ ಇಡೀ ದಿನಕ್ಕೆ, ಎಲ್ಲ ಸೇರಿ, ಹೆಚ್ಚೆಂದರೆ ಇಷ್ಟು. ಸುಮಾರು ಐದು ಗ್ರಾಂ." ಪಕ್ಕದಲ್ಲಿ ಒಂದೂವರೆ ಚಮಚದಷ್ಟು ಸುರಿದರು. "ಇದು ಬರೀ ಸೂಪು. ಊಟದ್ದು ಬೇರೆ."

"ಅಲ್ಲ, ಮುಂದುಗಡೆ ಹೃದಯದ ಚಿತ್ರ ಇದೆಯಲ್ಲ ನರ್ಸಮ್ಮ?" ಚಾಲಕ ಇನ್ನೂ ನಂಬಲಿಲ್ಲ. "ಹೃದಯಕ್ಕೆ ಒಳ್ಳೇದು ಅಂತ ತಾನೆ?"

"ಬಸ್ಸಿನ ಮೈಮೇಲೆ ವಿಮಾನದ ಚಿತ್ರ ಬರೆದ್ರೆ ನೀವು ಹಾರಿಸ್ತೀರಾ?"

ಭೂತಗನ್ನಡಿ ಆ ಎರಡು ಗುಡ್ಡೆಗಳನ್ನೇ ನೋಡುತ್ತ ನಿಂತಿದ್ದಳು. ಮುಂದೆ ಕಣ್ಣಿಗೆ ಹಬ್ಬವಾಗುವಷ್ಟು ದೊಡ್ಡ ಹೃದಯ, ಹಿಂದೆ ಸಾಸಿವೆಯಷ್ಟು ಅಕ್ಷರದಲ್ಲಿ ಸತ್ಯ. ಒಬ್ಬರು ಕುಡಿಯುವ ಪೊಟ್ಟಣವನ್ನು ಇಬ್ಬರದೆಂದು ಬರೆದು ಅಂಕಿಯನ್ನು ಅರ್ಧ ಮಾಡುವುದು ಜಾಣತನವಿರಬಹುದು; ಪ್ರಾಮಾಣಿಕತೆಯಂತೂ ಅಲ್ಲ. ಅಷ್ಟರ ಮೇಲೆ, ಓದಬಲ್ಲ ಕಣ್ಣಿದ್ದೂ ತಾನು ಓದಲಿಲ್ಲ. ಕಳ್ಳನನ್ನು ತಾನೇ ಕೈಹಿಡಿದು ಒಳಗೆ ಕರೆತಂದು, ಮನೆಯವರ ಮೇಲೆ ಕಾವಲು ಹಾಕಿದ್ದಳು.

"ಅತ್ತೆ, ತಪ್ಪು ನಂದು," ಎಂದು ಕೀಲಿ ಬಿಚ್ಚಿ ಅವರ ಕೈಗಿಟ್ಟಳು.

"ತಪ್ಪು ಅಂತ ಬಾಯಲ್ಲಿ ಬಂತಲ್ಲ, ಸಾಕು. ಮೊದ್ಲು ಆ ಪೊಟ್ಟಣಗಳನ್ನ ಆಚೆ ಹಾಕು. ಸೂಪು ನಾನು ಕುದಿಸ್ತೀನಿ. ತರಕಾರಿ ಹೆಚ್ಚೋಕೆ ಅವನೇ ಬರ್ಲಿ, ಸ್ಟೇರಿಂಗ್ ಇಲ್ದೆ ಕೈ ಖಾಲಿ ಇದೆಯಲ್ಲ."

ಮೊದಲ ವಾರ ಚಾಲಕನ ಮುಖ ಸಿಟ್ಟಿಗೆ ಊದಿಕೊಂಡೇ ಇತ್ತು. ಅತ್ತೆ ಕಾಳುಮೆಣಸು, ಬೆಳ್ಳುಳ್ಳಿ, ನಿಂಬೆರಸ ಹಾಕಿ ಕುದಿಸಿದ ಸೂಪು ಫ್ಲಾಸ್ಕಿನಲ್ಲಿ ಡಿಪೋಗೆ ಹೋಗತೊಡಗಿತು. ಎರಡನೆಯ ವಾರಕ್ಕೆ ಗೊಣಗಾಟ ನಿಂತಿತು. ಮೂರನೆಯ ವಾರ ಡಿಪೋದಲ್ಲಿ ಯಾರೋ ಕೊಟ್ಟ ಚಿಪ್ಸ್ ಬಾಯಿಗೆ ಹಾಕಿಕೊಂಡು, "ಥೂ, ಸಮುದ್ರ ಕುಡಿದ ಹಾಗಿದೆ" ಎಂದನಂತೆ.

ಭೂತಗನ್ನಡಿ ಅಲ್ಲಿಗೇ ನಿಲ್ಲಲಿಲ್ಲ. ಅಚ್ಚುಕೂಟದ ಊಟದ ಮೇಜಿನ ಮೇಲೆ ಜೊತೆಯವರ ಬಿಸ್ಕತ್ತು, ಕೆಚಪ್, ನೂಡಲ್ಸ್ ಪೊಟ್ಟಣಗಳನ್ನೆಲ್ಲ ಬೋರಲು ಹಾಕಿಸಿ ಓದಿಸಿದಳು.

"ನಿನ್ನ ಪಕ್ಕ ಕೂತ್ರೆ ತಿಂದದ್ದು ಮೈಗೆ ಹತ್ತಲ್ಲ ಕಣೆ," ಎಂದು ಒಬ್ಬಳು ರೇಗಿದಳು.

"ಹತ್ತದೇ ಇರ್ಲಿ ಅಂತಾನೇ ಓದಿಸ್ತಿರೋದು. ಜೋರಾಗಿ ಓದು, ಸಕ್ಕರೆ ಎಷ್ಟು?"

ಎರಡು ತಿಂಗಳು ತುಂಬಿದ ದಿನ ಡಿಪೋದ ವೈದ್ಯರು ಒತ್ತಡವನ್ನು ಒಮ್ಮೆ ಅಳೆದರು, ನಂಬದೆ ಇನ್ನೊಮ್ಮೆ ಅಳೆದರು. ಒತ್ತಡ ಇಳಿದಿತ್ತು. "ಮಾತ್ರೆ ಈಗ ತನ್ನ ಕೆಲಸ ಮಾಡ್ತಿದೆ. ಅದನ್ನ ನೀನಾಗಿ ನಿಲ್ಲಿಸಬೇಡ" ಎಂದು ಹೇಳಿ ಚೀಟಿಗೆ ಸಹಿ ಹಾಕಿದರು. ಮರುದಿನ ಬೆಳಗಿನ ಮೊದಲ ಬಸ್ಸು ಅವನದೇ. ಅತ್ತೆ ಸೊಸೆ ಇಬ್ಬರೂ ಕೊನೆಯ ನಿಲ್ದಾಣದವರೆಗೆ ಟಿಕೆಟ್ ಕೊಂಡು, ಹಿಂದಿನ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು.

ಓದುಗರೇ, ನಿಮ್ಮ ಅಡುಗೆಮನೆಯ ಕಪಾಟಿನಲ್ಲೂ ಇಂಥ ಪೊಟ್ಟಣಗಳಿವೆ. ಈ ಹಾಳೆಯನ್ನು ಕೆಳಗಿಟ್ಟು ಈಗಲೇ ಎದ್ದು ಹೋಗಿ, ಒಂದನ್ನು ಕೈಗೆತ್ತಿಕೊಳ್ಳಿ. ಚಿತ್ರ ನೋಡಿ ಮರುಳಾಗಬೇಡಿ. ಹಿಂಬದಿಯ ಅಂಕಿ ಓದಿ. ಎಷ್ಟು ಬಾರಿಗೆ ಎಂದು ಬರೆದಿದೆ, ನೀವು ನಿಜವಾಗಿ ತಿನ್ನುವುದು ಎಷ್ಟು, ಎರಡನ್ನೂ ಹೋಲಿಸಿ. ಅಕ್ಷರ ಕಾಣದಿದ್ದರೆ ಮಕ್ಕಳಿಂದ ಓದಿಸಿ. ಅರ್ಥವಾಗದಿದ್ದರೆ ಪೊಟ್ಟಣವನ್ನೇ ಆರೋಗ್ಯ ಕೇಂದ್ರಕ್ಕೆ ಒಯ್ದು ಕೇಳಿ. ಕೇಳಲು ನಾಚಿಕೆಪಡಬೇಕಾದವರು ನೀವಲ್ಲ. ನಾಚಿಕೆಪಡಬೇಕಾದವರು ಅಷ್ಟು ಚಿಕ್ಕ ಅಕ್ಷರದಲ್ಲಿ ಬರೆದವರು.