ಟಾನಿಕ್ ಕುಡಿದರೂ ಮಗುವಿಗೆ ರಕ್ತ ಏಕೆ ಬರಲಿಲ್ಲ?

ನಾಲ್ಕು ವರ್ಷದ ಮಗಳು ತಿಂಗಳುಗಟ್ಟಲೆ ಕಬ್ಬಿಣಾಂಶದ ಟಾನಿಕ್ ಕುಡಿದರೂ ಬಿಳಿಚಿಕೊಂಡೇ ಇದ್ದಳು. ಆಡದೆ ಹೊಸಿಲ ಮೇಲೆ ಮಂಕಾಗಿ ಕೂರುತ್ತಿದ್ದಳು. "ಬರೀ ಬಣ್ಣದ ನೀರು ಕೊಟ್ಟವ್ರೆ" ಎಂದು ಅಜ್ಜಿ ಆಸ್ಪತ್ರೆಯವರನ್ನೆಲ್ಲ ಬೈದಳು.

ಕೊನೆಗೆ ಮಾಡಿಸಿದ ರಕ್ತಪರೀಕ್ಷೆಯ ವರದಿ ಬಂದ ಸಂಜೆ ಆಸ್ಪತ್ರೆಯ ನರ್ಸಕ್ಕ ಮನೆಗೇ ಬಂದಳು. ಬ್ಯಾಟರಿ ಅಂಗಡಿಯಲ್ಲಿ ಕೆಲಸ ಮಾಡುವ ಅಪ್ಪ, ಒಡೆದ ಬ್ಯಾಟರಿಗಳ ಸೀಸವನ್ನು ಅಡುಗೆಮನೆಯ ಒಲೆಯ ಮೇಲೆ ಕರಗಿಸುತ್ತಿದ್ದ. ಅಮ್ಮ ಅವನ ಕೆಲಸದ ಅಂಗಿಯನ್ನು ಬಾಗಿಲಲ್ಲಿ ಕೊಡವುತ್ತಿದ್ದಳು. ಆ ದೂಳಲ್ಲಿ ಮಗು ಬೆರಳು ಚೀಪುತ್ತಾ ಕೂತಿತ್ತು. ನೋಡಿದವರಿಗೆ ಸಿಟ್ಟು ಬರದೆ ಇನ್ನೇನು?

"ಒಲೆ ಆರಿಸೋ! ಮಗೂನ ಹೊರಗೆ ಕರ್ಕೊಂಡು ಬನ್ನಿ!" ನರ್ಸಕ್ಕ ಕೂಗಿದಳು. "ಇವಳ ರಕ್ತದಲ್ಲಿ ಸೀಸ ಇದೆ."

"ಸುಮ್ನಿರಕ್ಕ" ಎಂದ ಅಪ್ಪ. "ನಮ್ಮಪ್ಪನೂ ಇದೇ ಕೆಲಸ ಮಾಡಿದ್ದು. ಗಟ್ಟಿಮುಟ್ಟಾಗೇ ಇದ್ದ."

"ಎಲ್ಲೋ ಗಟ್ಟಿ?" ಎಂದಳು ಅಜ್ಜಿ. "ಲೋಟ ಹಿಡಿಯೋಕೂ ಕೈ ನಡುಗ್ತಿತ್ತು. ಹೊಟ್ಟೆನೋವು ಅಂತ ಒದ್ದಾಡ್ತಿದ್ರು."

ಅಪ್ಪ ಒಲೆ ಆರಿಸಿದ. ಅಜ್ಜಿ ಮೆಲ್ಲಗೆ ಕೇಳಿದಳು: "ಟಾನಿಕ್ಕು ಇನ್ನೆರಡು ಚಮಚ ಜಾಸ್ತಿ ಕೊಡ್ಲಾ?"

"ನಿಮ್ಮಿಷ್ಟಕ್ಕೆ ಕೊಟ್ರೆ ಅದೂ ಅಪಾಯ ಅಜ್ಜಿ. ಕರುಳಲ್ಲಿ ಕಬ್ಬಿಣ ಹೋಗೋ ದಾರೀಲೇ ಸೀಸ ನುಗ್ಗುತ್ತೆ. ಒಳಗಿರೋ ಕಬ್ಬಿಣಾನೂ ರಕ್ತ ಆಗೋಕೆ ಬಿಡಲ್ಲ. ಸತುವಿನ ಕೆಲಸ ಕೆಡಿಸುತ್ತೆ. ಸುಣ್ಣದಂಶದ ಜಾಗ ಹಿಡಿದು ಮೂಳೆ ಸೇರುತ್ತೆ. ಬುದ್ಧಿ ಬೆಳೆಯೋದಕ್ಕೂ ಕಲ್ಲು ಹಾಕುತ್ತೆ. ಮೊದಲು ಸೀಸ ಮನೆಗೆ ಬರೋದು ನಿಲ್ಲಲಿ. ನಾಳೇನೇ ಡಾಕ್ಟರ ಹತ್ರ ನಡೀರಿ."

ಅಪ್ಪ ತನ್ನ ಕೈಗಳನ್ನೇ ನೋಡಿಕೊಂಡ. "ಅಂಗಡೀಲಿ ನಲ್ಲಿನೇ ಇಲ್ಲ ಅಕ್ಕ. ಮಿಕ್ಕ ಕೆಲಸ ಮನೇಲಿ ಮುಗಿಸು ಅಂತ ಮಾಲೀಕನೇ ಕಳಿಸ್ತಾನೆ."

ಡಾಕ್ಟರಿಗೆ ಮಗುವನ್ನು ತೋರಿಸಿದ ಮೇಲೆ ಅವನು ನೇರ ಅಂಗಡಿಗೆ ಹೋದ. ನಲ್ಲಿ, ಸೋಪು, ಬಟ್ಟೆ ಬದಲಿಸಲು ಒಂದು ಕೋಣೆ ಬೇಕು ಎಂದ.

"ಮನೇಲಿ ತೊಳ್ಕೊಳ್ಳಯ್ಯ" ಎಂದು ಮಾಲೀಕ ನಕ್ಕ.

"ಮನೇಲಿ ನನ್ನ ಮಗಳಿದ್ದಾಳೆ!"

ಆ ಕೂಗಿಗೆ, ಬ್ಯಾಟರಿ ಒಡೆಯುತ್ತಿದ್ದ ಉಳಿದ ಕೆಲಸಗಾರರೆಲ್ಲ ಸುತ್ತಿಗೆ ಕೆಳಗಿಟ್ಟರು. ಅವರ ಮನೆಗಳಲ್ಲೂ ಮಕ್ಕಳಿದ್ದರು. ನಲ್ಲಿ ಬರುವವರೆಗೂ ಯಾರೂ ಸುತ್ತಿಗೆ ಎತ್ತಲಿಲ್ಲ.

ಬ್ಯಾಟರಿ, ಬಣ್ಣ, ಬೆಸುಗೆಯ ಕೆಲಸದವರೇ, ಸೀಸವನ್ನು ಮನೆಗೆ ತರಬೇಡಿ. ಮೈ ತೊಳೆದು, ಬಟ್ಟೆ ಬದಲಿಸಿಯೇ ಮನೆಗೆ ಹೊರಡಿ. ಕೆಲಸದ ಬಟ್ಟೆಯನ್ನು ಬೇರೆಯೇ ಒಗೆಯಿರಿ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಸೊಪ್ಪು, ಕಾಳು, ಹಾಲು, ಮೊಟ್ಟೆ ತಿನ್ನಿಸಿ. ಆದರೆ ಊಟವೊಂದೇ ಇದಕ್ಕೆ ಮದ್ದಲ್ಲ, ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ಅಂಗಡಿಯಲ್ಲಿ ನಲ್ಲಿ ಇಲ್ಲವೇ? ಅಂಗಲಾಚಬೇಡಿ. ಹತ್ತು ಜನ ಒಟ್ಟಾಗಿ ಹೋಗಿ, ಗಟ್ಟಿಯಾಗಿ ಕೇಳಿ.