ಅಗಿಯದ ತುತ್ತು

ಲವಂಗದ ವಾಸನೆ, ಅಲ್ಲ, ಲವಂಗದ ಹಿಂದೆ ಇನ್ನೇನೋ ಘಾಟು, ಹಲ್ಲಿನ ಡಾಕ್ಟರ ಕೋಣೆಯ ಬಾಗಿಲ ಸಂದಿಯಿಂದ ತೆಳ್ಳಗೆ ಬರುತ್ತಿದೆ, ಆಂಜಿನಮ್ಮ ಸೆರಗು ಮೂಗಿಗೆ ತಂದವಳು ಹಾಗೇ ಬಿಟ್ಟಳು, ಒಳಗೆ ಮಗಳು ಇದನ್ನೇ ಉಸಿರಾಡುತ್ತ ಕೂತಿರುವಾಗ ಹೊರಗೆ ಬೆಂಚಿನ ಮೇಲೆ ಕೂತ ತನಗೇನು ದೊಡ್ಡ ಮೂಗು — ಇಪ್ಪತ್ತೆಂಟು ವರ್ಷದಲ್ಲಿ ರೂಪ ಒಂದು ಕಡೆ, ತಾನು ಒಂದು ಕಡೆ, ನಡುವೆ ಮುಚ್ಚಿದ ಬಾಗಿಲು ಎಂಬುದೇ ಇರಲಿಲ್ಲ, ಮೇಲೂರಿನ ಮನೆಯಲ್ಲಿ ಬಚ್ಚಲಿಗೂ ಅಗಳಿ ಹಾಕಗೊಡದೆ ಸಾಕಿದ ಹುಡುಗಿ, ಮೈ ಬೆಳೆಯಿತು, ಮಾತು ಐದಾರರಲ್ಲೇ ನಿಂತಿತು, ಅವ್ವ, ಬಾ, ಬ್ಯಾಡ, ಮುದ್ದೆ, ಅಷ್ಟರಲ್ಲೇ ಎಲ್ಲ, ಪಕ್ಕದ ಮನೆಯ ಮಂಗಮ್ಮ ಪಾಪಂ ಪಾಪಂ ಎಂದು ತೆಲುಗಿನಲ್ಲಿ ಲೊಚಗುಟ್ಟಿದಾಗೆಲ್ಲ ಆಂಜಿನಮ್ಮನಿಗೆ ಮೈ ಉರಿಯುತ್ತದೆ, ಪಾಪವೇನು ಬಂತು, ಮಾತಿಲ್ಲದಿದ್ದರೆ ಬೇಡ, ಅವಳ ಮನಸ್ಸಿನಲ್ಲಿರುವುದೆಲ್ಲ ಹೆತ್ತವಳಿಗೆ ಗೊತ್ತು, ಗೊತ್ತು ಅಂದುಕೊಂಡೇ ಇಷ್ಟು ವರ್ಷ ಕಳೆದಳಲ್ಲ — ಈಗ ಒಳಗೆ ಮೂರೇ ಜನ, ಡಾಕ್ಟರ್ ಮುರಳಿಮೋಹನ್, ನರ್ಸ್ ತನುಶ್ರೀ, ಕುರ್ಚಿಯ ಮೇಲೆ ರೂಪ, ಹಿಡಿದುಕೊಳ್ಳುವವರು ಯಾರೂ ಇಲ್ಲ, ಬಲಗಡೆಯ ದವಡೆ ಹಲ್ಲು ಹುಳುಕು ಹಿಡಿದು ಬೇರು ಮೂಳೆಗೆ ಕಚ್ಚಿಕೊಂಡಿದೆಯಂತೆ, ಮಿಷಿನ್‌ನಲ್ಲಿ ಎರಡು ಹೋಳು ಮಾಡಿ ಕೀಳಬೇಕಂತೆ, ಇಲ್ಲಿ ಆಗದಿದ್ದರೆ ಬೆಂಗಳೂರಿಗೆ ಹೋಗಿ ಪ್ರಜ್ಞೆ ತಪ್ಪಿಸಿ ತೆಗೆಸಬೇಕು, ಅದಾದರೂ ಆದೀತು, ಆದರೆ ಇವತ್ತು ಹುಡುಗಿ ಹೆದರಿಬಿಟ್ಟರೆ ಇನ್ನು ಈ ಜನ್ಮದಲ್ಲಿ ಯಾವ ಆಸ್ಪತ್ರೆಯ ಮೆಟ್ಟಿಲೂ ಹತ್ತುವುದಿಲ್ಲ, ನಾಳೆ ಹೊಟ್ಟೆನೋವು ಬರಲಿ, ಎದೆಯಲ್ಲಿ ಗಂಟಾಗಲಿ, ತಾನೂ ಗಂಡ ನಲ್ಲಪ್ಪನೂ ಕಣ್ಣು ಮುಚ್ಚಿದ ಮೇಲೆ ಏನೇ ಬರಲಿ, ಹತ್ತುವುದಿಲ್ಲ, ಒಂದು ಸಲ ಹಾಗಾಗಿದ್ದನ್ನು ಆಂಜಿನಮ್ಮ ಕಣ್ಣಾರೆ ಕಂಡಿದ್ದಾಳೆ.

ಗುಂಯ್ ಎಂದು ಒಳಗೆ ಮಿಷಿನ್ ಶುರುವಾಯಿತು, ಆಂಜಿನಮ್ಮನ ಕಾಲು ತಾವಾಗಿಯೇ ಎದ್ದವು, ಮತ್ತೆ ಕೂತಳು, ನರ್ಸುಗಳಿಗೆ ತರಬೇತಿ ಕೊಡುವ ಸಂಘಮಿತ್ರ ಮೇಡಂ ಕೈ ಹಿಡಿದು ಹೇಳಿ ಹೋಗಿದ್ದಾರೆ, ನೀವು ಹೊರಗಿರಿ ಅಮ್ಮ, ನೀವು ಎದುರಿಗಿದ್ರೆ ಅವಳು ನಿಮ್ಮ ಮುಖ ನೋಡ್ತಾಳೆ, ನೀವು ಹೆದರಿದ್ರೆ ತಾನೂ ಹೆದರ್ತಾಳೆ, ಸರಿ, ಹೊರಗಿರುತ್ತಾಳೆ, ತನ್ನ ಮುಖವೂ ಧೈರ್ಯ ಕೊಡುವಂಥ ಮುಖವಲ್ಲ — ಆಗ ಹನ್ನೆರಡನೇ ವರ್ಷ ರೂಪನಿಗೆ, ಹಿಮ್ಮಡಿಯಲ್ಲಿ ಜಾಲಿ ಮುಳ್ಳು ಮುರಿದು ಕೀವು ಕಟ್ಟಿತ್ತು, ಬೇರೆಲ್ಲೋ ಒಂದು ಆಸ್ಪತ್ರೆ, ಹೆಸರು ಯಾಕೆ ಈಗ, ನಾಲ್ಕು ಜನ ಸೇರಿದರು, ಒಬ್ಬರು ದುಪಟ್ಟಾದಲ್ಲಿ ಕೈ ಕಟ್ಟಿದರು, ಕಾಲು ಯಾರು ಹಿಡೀತೀರಾ ಅಂದಾಗ ನಾನು ಹಿಡೀತೀನಿ ಎಂದು ಮುಂದೆ ಹೋದವಳು ಆಂಜಿನಮ್ಮನೇ, ಮಗಳ ತೊಡೆಯ ಮೇಲೆ ಕೂತುಬಿಟ್ಟಳು, ಒಳ್ಳೆಯದಕ್ಕೇ, ಬೇಗ ಮುಗಿಯಲಿ ಅಂತ, ರೂಪ ಚಾಕು ಹಿಡಿದವರನ್ನು ನೋಡಲಿಲ್ಲ, ಅವ್ವನನ್ನೇ ನೋಡುತ್ತಾಳೆ, ಬ್ಯಾಡ ಅವ್ವ ಬ್ಯಾಡ, ಗಂಟಲು ಕಟ್ಟುವವರೆಗೆ ಅದೊಂದೇ ಮಾತು, ಕಟ್ಟಿದ ಕೈ ಬಿಚ್ಚಿದಾಗ ಮಣಿಕಟ್ಟಿನ ಮೇಲೆ ಕೆಂಪು ಬರೆ, ಅಲ್ಲಿದ್ದವರು ಯಾರೂ ಕೆಟ್ಟವರಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳೋಣವೆಂದರೆ ಹೆತ್ತವಳಿಗೂ ಗೊತ್ತಿರಲಿಲ್ಲ, ಆಮೇಲೆ ಹದಿನಾರು ವರ್ಷ ಬಿಳಿ ಕೋಟು ಕಂಡರೆ ನಡುರಸ್ತೆಯಲ್ಲೇ ಉರುಳಾಟ, ಜ್ವರ ಬಂದರೂ ಅಂಗಡಿಯ ಮಾತ್ರೆಯೇ ಗತಿ — ಮಿಷಿನ್ ನಿಂತಿತು. ಯಾಕೆ ನಿಂತಿತು, ಕೂಗಾಟವಿಲ್ಲ, ಓ, ಕೈ ಎತ್ತಿರಬೇಕು, ಬ್ಯಾಡ ಅನ್ನಿಸಿದ್ರೆ ಹಿಂಗೆ ಕೈ ಎತ್ತು ರೂಪ, ನಾವು ನಿಲ್ಲಿಸ್ತೀವಿ ಎಂದು ತನುಶ್ರೀ ಅವಳಿಗೆ ಹೇಳಿಕೊಟ್ಟಿದ್ದಾಳಲ್ಲ, ಎತ್ತಿದ್ದಾಳೆ, ಇವರು ನಿಲ್ಲಿಸಿದ್ದಾರೆ, ಮತ್ತೆ ಗುಂಯ್.

ಎಲ್ಲ ಶುರುವಾಗಿದ್ದು ಆ ಟ್ರೈನಿಂಗಿನಿಂದ, ಸಂಘಮಿತ್ರ ಮೇಡಂ ಮನೆ ಹುಡುಕಿಕೊಂಡು ಬಂದಾಗ ಆಂಜಿನಮ್ಮ ಗೂಡಿನಿಂದ ರೇಷ್ಮೆ ಎಳೆ ತೆಗೆಯುವ ಬಿಚ್ಚಾಣಿಕೆಯ ಬಿಸಿನೀರಿನಲ್ಲಿ ಕೈಯಿಟ್ಟು ಕೂತಿದ್ದಳು, ಚಿಕ್ಕಬಳ್ಳಾಪುರದಲ್ಲಿ ನರ್ಸುಗಳಿಗೆ ಮೂರು ದಿನ ತರಬೇತಿಯಂತೆ, ರೂಪನಂಥವರು ಆಸ್ಪತ್ರೆಗೆ ಬಂದರೆ ಹೇಗೆ ನೋಡಿಕೊಳ್ಳಬೇಕೆಂದು, ಪುಸ್ತಕದಲ್ಲಿರುವುದನ್ನು ಮೇಡಂ ಹೇಳುತ್ತಾರಂತೆ, ಮನೆಯಲ್ಲಿರುವುದನ್ನು ಆಂಜಿನಮ್ಮ ಹೇಳಬೇಕಂತೆ, ಏಳನೇ ಕ್ಲಾಸು ಫೇಲಾದವಳು ನರ್ಸುಗಳಿಗೆ ಪಾಠ ಹೇಳುವುದೇ ಎಂದು ನಕ್ಕಳು, ನಕ್ಕರೂ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದಳು, ಜನ್ಮವೆಲ್ಲ ರೇಷ್ಮೆ ಎಳೆ ತೆಗೆದವಳ ಹತ್ತಿರ ಇರುವುದು ಅದೊಂದೇ, ನಲ್ಲಪ್ಪ ನೋಡಿ ಏನೇ, ಮೇಷ್ಟ್ರಾಗಿಬಿಟ್ಟೆಯಲ್ಲೇ ಎಂದು ರೇಗಿಸಿದ, ಗೌರಿಬಿದನೂರು, ಚಿಂತಾಮಣಿ ಕಡೆಯಿಂದೆಲ್ಲ ಬಂದ ಇಪ್ಪತ್ತೆರಡು ನರ್ಸುಗಳು, ಕೈಗೆ ಮೈಕು, ಮೇಡಂ ಮೇಡಂ ಎಂದು ಕೇಳುತ್ತಾರೆ, ಅಬ್ಬಾ ಆ ಜಂಬ, ಮೂರು ಅಡಿ ಮೇಲೆ ನಿಂತ ಹಾಗಿತ್ತು, ರೂಪ ಕುರ್ಚಿ ಒಲ್ಲೆನೆಂದು ಕಾಲ ಬಳಿ ನೆಲದ ಮೇಲೆ ಕೂತು ಬಲಗೆನ್ನೆ ತಟ್ಟಿಕೊಳ್ಳುತ್ತಿದ್ದಳು, ಅದನ್ನೇ ತೋರಿಸಿ ಹೇಳಿದಳು, ನೋಡ್ರಮ್ಮ, ಇವಳು ಹಿಂಗೆ ಕೆನ್ನೆ ತಟ್ಕೊಂಡ್ರೆ ಹೊಟ್ಟೆ ಹಸಿದೈತೆ ಅಂತ, ಎರಡು ತುತ್ತು ಮುದ್ದೆ ಕೊಟ್ರೆ ಸುಮ್ಕಾಗ್ತಾಳೆ, ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು, ಒಬ್ಬಳು ಮಾತ್ರ ಬರೆಯಲಿಲ್ಲ, ದಿಬ್ಬೂರಹಳ್ಳಿಯ ಹುಡುಗಿ, ಕಡ್ಡಿಯಂಥವಳು, ಈ ತನುಶ್ರೀ, ಎದ್ದು ಬಂದು ರೂಪನೆದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದಳು, ಆಂಜಿನಮ್ಮನನ್ನು ಏನೂ ಕೇಳಲಿಲ್ಲ, ಅದೇ ಮೊದಲು, ರೂಪನ ವಿಷಯವನ್ನು ರೂಪನನ್ನೇ ಕೇಳುವವಳನ್ನು ಕಂಡಿದ್ದು, ತನ್ನ ಡಬ್ಬಿಯಿಂದ ಹುರಿದ ಕಡಲೆಕಾಯಿ ಬೀಜ ಕೊಟ್ಟಳು, ರೂಪ ಅದನ್ನು ಅಂಗೈಯಲ್ಲಿ ಉರುಳಿಸಿ ನೋಡಿ ತನುಶ್ರೀಯ ಬಾಯಿಗೇ ಇಟ್ಟಳು, ತನುಶ್ರೀ ಕಟುಂ ಎಂದು ಕಡಿದು ತನ್ನ ಕೆನ್ನೆ ಹಿಡಿದುಕೊಂಡು ಇಲ್ಲೇನಮ್ಮ ಎಂದಳು, ಆಗ ರೂಪ, ಬ್ರಷ್ಷು ಕಂಡರೆ ಓಡಿಹೋಗುವ ರೂಪ, ತಾನಾಗಿ ಬಾಯಿ ತೆರೆದಳು, ಆ ಹುಡುಗಿಯ ಬೆರಳು ಹಿಡಿದು ಒಳಗೆ ಎಳೆದುಕೊಂಡಳು, ಆಂಜಿನಮ್ಮ ಇನ್ನೂ ಮೈಕಿನಲ್ಲೇ ಹೇಳುತ್ತಿದ್ದಾಳೆ, ಅವಳಿಗೆ ಅದೆಲ್ಲ ತಿಳಿಯಲ್ಲಮ್ಮ, ಹಸಿವು ಅದು, ಮುದ್ದೆ ಕೊಡ್ರಿ, ತನುಶ್ರೀ ಕೂತಲ್ಲಿಂದಲೇ ಮೆಲ್ಲಗೆ ಹೇಳಿದಳು — ಆಂಟಿ, ಮುದ್ದೆ ನಾವು ಅಗಿಯಲ್ಲ ಅಲ್ವಾ, ನುಂಗ್ತೀವಿ.

ನುಂಗುತ್ತೀವಿ, ಹೌದು, ಸಾರಿನಲ್ಲಿ ಅದ್ದಿ ಗುಳುಂ ಎಂದು ನುಂಗುತ್ತೀವಿ, ಪೇಟೆಯವರು ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡರೆ ಬಿದ್ದು ಬಿದ್ದು ನಗುತ್ತೀವಿ, ನಾಲ್ಕು ವರ್ಷದಿಂದ ರೂಪನಿಗೆ ಅನ್ನ ಬೇಡ, ಚಪಾತಿ ಬೇಡ, ಪ್ರಾಣ ಬಿಡುತ್ತಿದ್ದ ಚಕ್ಕುಲಿ ಬೇಡ, ಅಗಿಯಬೇಕಿಲ್ಲದ ಮುದ್ದೆ ಒಂದೇ, ಅಪ್ಪನ ಮಗಳು ಕಣ್ರೀ, ಮುದ್ದೆ ಬಿಟ್ಟು ಬೇರೆ ಮುಟ್ಟಲ್ಲ ಎಂದು ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗಿದ್ದೇನು, ಕೆನ್ನೆ ತಟ್ಟಿದಾಗೆಲ್ಲ ಬಿಸಿ ಮುದ್ದೆ ತಿರುವಿ ತಂದಿದ್ದೇನು, ಬಿಸಿಗೋ ಏನೋ ಹಲ್ಲಿಗೆ ಒಂದು ಗಳಿಗೆ ಹಿತವಾಗಿ ಸುಮ್ಮನಾಗುತ್ತಿದ್ದಳು, ನೋಡಿದಿರಾ ಹೊಟ್ಟೆ ತುಂಬಿತು ಅನ್ನುತ್ತಿದ್ದಳು ಹೆತ್ತವಳು, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ, ಬೇಕಾಯಿತು, ಇಪ್ಪತ್ತನಾಲ್ಕು ವರ್ಷದ ಒಂದು ಹುಡುಗಿ ಕನ್ನಡಿ ಹಿಡಿಯಬೇಕಾಯಿತು, ಅವತ್ತು ಮೈಕು ಕೆಳಗಿಟ್ಟು ಅಲ್ಲೇ ರೇಷ್ಮೆ ಸೀರೆ ಸಮೇತ ನೆಲಕ್ಕೆ ಕುಸಿದಳು, ಯಾರಾದರೂ ನಕ್ಕಿದ್ದರೆ ಸತ್ತೇ ಹೋಗುತ್ತಿದ್ದಳು, ಯಾರೂ ನಗಲಿಲ್ಲ, ಸಂಘಮಿತ್ರ ಮೇಡಂ ಪಕ್ಕದಲ್ಲಿ ಬಂದು ಕೂತು, ಇವತ್ತಿನ ಪಾಠ ಇದೇ, ಇದನ್ನ ಕೊಟ್ಟವರು ಈ ಅಮ್ಮ ಎಂದರು, ಇಷ್ಟು ದೊಡ್ಡ ತಪ್ಪನ್ನು ಅಷ್ಟು ಮರ್ಯಾದೆಯಾಗಿ ಎತ್ತಿ ಕೈಗಿಟ್ಟವರು ಆಂಜಿನಮ್ಮನಿಗೆ ಹಿಂದೆಂದೂ ಸಿಕ್ಕಿರಲಿಲ್ಲ, ಅವರ ಹೊಟ್ಟೆ ತಣ್ಣಗಿರಲಿ, ಆ ಕಡ್ಡಿ ಹುಡುಗಿಯ ಹೊಟ್ಟೆ ಇನ್ನೂ ತಣ್ಣಗಿರಲಿ, ಅವಳಿಗೆಂದು ಬೆಳಗಿನಿಂದ ಕೂತು ಹಿತುಕಿದ ಅವರೆಬೇಳೆ ಬುಟ್ಟಿಯಲ್ಲಿದೆ, ಏನೂ ತರಬೇಡಿ ಆಂಟಿ ಅಂದಿದ್ದಾಳೆ, ಅಂದರೆ ಬಿಡುತ್ತಾರೆಯೇ — ಮಿಷಿನ್ ನಿಂತಿತು, ಮತ್ತೆ ಕೈ, ಇಲ್ಲಿಗೆ ಬಂದ ಮೊದಲನೇ ದಿನ ಡಾಕ್ಟರು ಬಿಳಿ ಕೋಟು ಬಿಚ್ಚಿಟ್ಟಿದ್ದರು, ರೂಪ ಇದೇ ಕುರ್ಚಿಯಲ್ಲಿ ಸುಮ್ಮನೆ ಕೂತು ಎದ್ದು ಬಂದಿದ್ದಳು, ಅಷ್ಟೇ ಕೆಲಸ, ಎರಡನೇ ದಿನ ತುದಿಗೆ ಪುಟ್ಟ ಕನ್ನಡಿಯಿರುವ ಕಡ್ಡಿ ಬಾಯೊಳಗೆ, ಕೈ ಎತ್ತಿದಳು, ಡಾಕ್ಟರು ನಿಲ್ಲಿಸಿದರು, ಅವಳಿಗೆ ನಂಬಿಕೆ ಬರಲಿಲ್ಲ, ಮತ್ತೆ ಎತ್ತಿದಳು, ಮತ್ತೆ ನಿಲ್ಲಿಸಿದರು, ಮೂವತ್ತು ಸಲವಾದರೂ ಎತ್ತಿರಬೇಕು, ಹೊರಗೆ ಸಾಲು ನಿಂತವರು ಗೊಣಗುತ್ತಿದ್ದರು, ಮುರಳಿಮೋಹನ್ ಡಾಕ್ಟರು ಮೂವತ್ತು ಸಲವೂ ಕೈ ಹಿಂದಕ್ಕೆ ತೆಗೆದರು, ಕೊನೆಗೆ ಅವಳೇ ನಕ್ಕುಬಿಟ್ಟಳು, ಚರಕದಲ್ಲಿ ಎಳೆ ಕಡಿದರೆ ಆಂಜಿನಮ್ಮನೂ ಆ ಕ್ಷಣವೇ ನಿಲ್ಲಿಸುತ್ತಾಳಲ್ಲ, ಹುಳು ನೂತ ಎಳೆಗೆ ನಿಲ್ಲಿಸಿದವಳು ಮಗಳ ಬ್ಯಾಡಕ್ಕೆ ಒಂದು ಸಲವೂ ನಿಲ್ಲಿಸಲಿಲ್ಲ, ಸ್ನಾನ ಬ್ಯಾಡ, ಎಳೆದುಕೊಂಡು ಹೋದಳು, ಜಡೆ ಬ್ಯಾಡ, ತಲೆ ಹಿಡಿದು ಹಾಕಿದಳು, ಎಲ್ಲ ಒಳ್ಳೆಯದಕ್ಕೇ.

ಮಿಷಿನ್ ಮತ್ತೆ ಶುರುವಾಗಲಿಲ್ಲ. ಎಷ್ಟು ಹೊತ್ತಾಯಿತು, ಏನೂ ಕೇಳಿಸುತ್ತಿಲ್ಲ, ಉಸಿರಾಟವೂ ಇಲ್ಲ, ಹೆದರಿದಳೋ, ಸಾಕು ಎಂದಳೋ, ಬೆಂಗಳೂರೇ ಗತಿಯೋ, ಆಂಜಿನಮ್ಮ ಬಾಗಿಲಿಗೆ ಕಿವಿ ಹಚ್ಚಬೇಕು ಅನ್ನುವಷ್ಟರಲ್ಲಿ ಬಾಗಿಲೇ ತೆರೆಯಿತು, ತನುಶ್ರೀಯ ಹಣೆಯ ಮೇಲೆಲ್ಲ ಬೆವರು, ಬಂತು ಆಂಟಿ, ಪೂರಾ ಬಂತು, ಒಂದ್ಸಲಾನೂ ಹಿಡ್ಕೊಳ್ಳಲಿಲ್ಲ ನಾವು, ಅವಳ ಹಿಂದೆ ರೂಪ, ತನ್ನ ಕಾಲ ಮೇಲೆ ತಾನೇ ನಡೆದು ಬರುತ್ತಿದ್ದಾಳೆ, ಬಾಯಲ್ಲಿ ಹತ್ತಿ, ತುಟಿ ಒಂದು ಕಡೆ ಜೋತಿದೆ, ಗಲ್ಲದ ಮೇಲೆ ಎಂಜಲು, ಎಂಜಲಲ್ಲಿ ಕೆಂಪು, ಆಂಜಿನಮ್ಮನಿಗೆ ಅಳುವೋ ನಗುವೋ ಎರಡೂ ಒಟ್ಟಿಗೆ ಬಂತು, ಕೈ ಮುಗಿಯಬೇಕು ಈ ಹುಡುಗಿಗೆ, ಕಾಲಿಗೇ ಬೀಳಬೇಕು, ತನುಶ್ರೀ ತಿರುಗಿ ಕೇಳುತ್ತಿದ್ದಾಳೆ, ರೂಪ, ನೋವಿದೆಯಾ, ಇಲ್ಲ ಇಲ್ಲ ಅವಳಿಗೇನೂ ಇಲ್ಲಮ್ಮ, ನೋಡಿ ಹೆಂಗೆ ಗಟ್ಟಿಯಾಗವಳೆ ಎಂದುಬಿಟ್ಟಿತು ಆಂಜಿನಮ್ಮನ ಬಾಯಿ, ಸೆರಗಿನ ತುದಿ ಹಿಡಿದ ಕೈ ಆಗಲೇ ಮಗಳ ಗಲ್ಲದತ್ತ ಹೊರಟಿದೆ, ಇನ್ನೊಂದು ಕೈ ರಟ್ಟೆ ಹಿಡಿಯಲು, ಕೂರಿಸಲು, ಒರೆಸಲು — ರೂಪ ಕೈ ಎತ್ತಿದಳು. ಅವ್ವನ ಮುಖದೆದುರು, ಗೇಣು ದೂರದಲ್ಲಿ, ಬಿಡಿಸಿದ ಅಂಗೈ, ಹೊಡೆಯುವುದಕ್ಕಲ್ಲ, ದೂಡುವುದಕ್ಕೂ ಅಲ್ಲ, ಬೆರಳ ಸಂದಿಯಿಂದ ಅವಳ ಕಣ್ಣು ಕಾಣುತ್ತಿವೆ, ಕಾಯುತ್ತಿವೆ, ಅವ್ವನೂ ನಿಲ್ಲಿಸುತ್ತಾಳೋ ಇಲ್ಲವೋ ಎಂದು ನೋಡುತ್ತಿವೆ, ಆಂಜಿನಮ್ಮನ ಕೈ ಹೊರಟಲ್ಲೇ ನಿಂತಿತು, ಬಾಯಲ್ಲಿದ್ದ ಮಾತು ಬಾಯಲ್ಲೇ ನಿಂತಿತು, ಎದುರಿಗೆ ಅಂಗೈ, ಅಂಗೈಯ ಗೆರೆಗಳು, ಅಂಗೈ.