ಗುಳ್ಳೆ ಮೇಷ್ಟ್ರ ಹಸಿರು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ, ಕೆನ್ನೆಗೆ ಕರವಸ್ತ್ರ ಕಟ್ಟಿಕೊಂಡು, ಹಳೆಯ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದವರಿಗೆ ಹಲ್ಲುನೋವು ಇರಲೇ ಇಲ್ಲ. ಮೂವತ್ತೆರಡೂ ಗಟ್ಟಿಯಾಗಿದ್ದವು, ಆ ಮೂವತ್ತೆರಡನ್ನೂ ಸಿಟ್ಟಿನಲ್ಲಿ ಕಟಕಟ ಕಡಿಯುತ್ತ ಅವರು ಕಳ್ಳನನ್ನು ಕಾಯುತ್ತಿದ್ದರು.

ಪರಿಚಯದವರೆಲ್ಲ ಅವರನ್ನು ಕರೆಯುತ್ತಿದ್ದುದು ಗುಳ್ಳೆ ಮೇಷ್ಟ್ರು ಎಂದು. ಪಾಠ ಹೇಳಿದವರೇನಲ್ಲ. ಗಾಜಿನ ತೊಟ್ಟಿಯಲ್ಲಿ ನೀರಿನ ಗಿಡ ಬೆಳೆಸುವುದು ಅವರ ಕಸುಬು. ಗಿಡಕ್ಕೆ ಬೆಳಕು, ಗೊಬ್ಬರ ಕೊಟ್ಟರೆ ಮುಗಿಯಲಿಲ್ಲ, ಇಂಗಾಲದ ಡೈಆಕ್ಸೈಡನ್ನೂ ಸಿಲಿಂಡರಿನಿಂದ ಗುಳ್ಳೆ ಗುಳ್ಳೆಯಾಗಿ ಬಿಡಬೇಕು. ಕಡಿಮೆಯಾದರೆ ಗಿಡ ಸೊರಗುತ್ತದೆ, ಜಾಸ್ತಿಯಾದರೆ ಮೀನು ಸಾಯುತ್ತದೆ. ಮೇಷ್ಟ್ರು ಮಣಿಕಟ್ಟಿನ ನಾಡಿ ಹಿಡಿದು ಗುಳ್ಳೆ ಎಣಿಸುತ್ತಿದ್ದರು. ಮೂವತ್ತು ವರ್ಷದಲ್ಲಿ ಅವರ ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ, ಕಂಡಿದ್ದರೂ ಹೇಳುವ ಧೈರ್ಯ ಯಾರಿಗಿತ್ತು?

ಈ ಕ್ಲಿನಿಕ್ಕಿನ ನಾಲ್ಕಡಿ ತೊಟ್ಟಿ ಅವರ ಕೈಯ ಅತ್ಯುತ್ತಮ ಕೆಲಸ. ಹಲ್ಲು ಕೀಳಿಸಿಕೊಳ್ಳಲು ಬಂದವರು ಅದನ್ನು ನೋಡುತ್ತ ಹೆದರಿಕೆ ಮರೆಯುತ್ತಿದ್ದರು. ಅಂಥ ತೊಟ್ಟಿಗೆ ಒಂಬತ್ತು ತಿಂಗಳಿಂದ ದರಿದ್ರ ಹಿಡಿದಿತ್ತು. ಎಲೆಯಂಚಿಗೆಲ್ಲ ಗಡ್ಡದಂತೆ ಕಪ್ಪು ಪಾಚಿ. ಡಾಕ್ಟರಮ್ಮ ಕೊಟ್ಟ ಹಲ್ಲುಜ್ಜುವ ಬ್ರಷ್ಷಿನಲ್ಲಿ ಎಷ್ಟು ತಿಕ್ಕಿದರೂ ವಾರದೊಳಗೆ ಮತ್ತೆ ಹಾಜರ್. ಕೊನೆಗೆ ಡಾಕ್ಟರಮ್ಮ, ಶನಿವಾರದೊಳಗೆ ಸರಿಹೋಗದಿದ್ದರೆ ಇದನ್ನು ತೆಗೆಸಿ ಟೀವಿ ಹಾಕಿಸುತ್ತೇನೆ ಎಂದುಬಿಟ್ಟರು. ಟೀವಿಯಂತೆ! ಮೇಷ್ಟ್ರಿಗೆ ಎರಡು ದಿನ ಅನ್ನ ಸೇರಲಿಲ್ಲ.

ಅವರು ಬಯ್ಯದೆ ಬಿಟ್ಟವರಿಲ್ಲ. ಸಿಲಿಂಡರ್ ತುಂಬುವವನು ಕಲಬೆರಕೆ ಮಾಡುತ್ತಾನೆ ಎಂದರು. ನೆಲ ಒರೆಸುವವಳು ಫಿನಾಯಿಲ್ ಸಿಡಿಸುತ್ತಾಳೆ ಎಂದರು. ಗೊಬ್ಬರ ಅಳೆದು ಹಾಕುವ ಸ್ವಂತ ಮಗಳನ್ನೂ ಬಿಡಲಿಲ್ಲ. ಕಬ್ಬಿಣಾಂಶ ಜಾಸ್ತಿ ಹಾಕಿದೆ ಎಂದು ಒಂದು ವಾರ, ಪೊಟ್ಯಾಷ್ ಕಡಿಮೆ ಹಾಕಿದೆ ಎಂದು ಇನ್ನೊಂದು ವಾರ ಬೈದರು. ಅವಳು ಮರುದಿನವೂ ಬಾಟಲಿ ಹಿಡಿದು ಕೆಲಸಕ್ಕೆ ಹೊರಟಳು. ಆ ದಿನಗಳಲ್ಲಿ ಜಗತ್ತೇ ಅವರಿಗೆ ಮೋಸ ಮಾಡಲು ಟೊಂಕ ಕಟ್ಟಿ ನಿಂತಂತಿತ್ತು. ಹಸಿರು ಬಕೆಟ್ ಆರಿಸಿ ತಂದರೆ, ಮನೆಯಲ್ಲಿ ಹೆಂಡತಿ ಇದು ನೀಲಿಯಲ್ಲವೇ ಅಂದಳು. ಅಂಗಡಿಯವನು ಬದಲಾಯಿಸಿ ಟೋಪಿ ಹಾಕಿದ ಎಂದು ಅವನ ಜೊತೆಗೂ ಜಗಳವಾಯಿತು.

ಗ್ಯಾಸು ಏರಿದಾಗಲೆಲ್ಲ ಸಿಲಿಂಡರಿನ ವಾಲ್ವೇ ಸಡಿಲವೆಂದುಕೊಂಡು ಇಳಿಸುತ್ತಿದ್ದವರಿಗೆ, ಹೋದ ವಾರ ಹೊಸ ವಾಲ್ವು ಹಾಕಿದ ಮೇಲೆ ನಿಜವಾದ ಸುಳಿವು ಸಿಕ್ಕಿತ್ತು. ಸೆಕೆಂಡಿಗೆ ಎರಡು ಗುಳ್ಳೆಗೆ ನಿಲ್ಲಿಸಿ ಹೋಗಿದ್ದ ವಾಲ್ವು ಬೆಳಿಗ್ಗೆ ಬಂದರೆ ಮೂರು ಬಿಡುತ್ತಿತ್ತು. ತೊಟ್ಟಿಯ ಒಳಗೋಡೆಗೆ ಅಂಟಿಸಿದ, ಬಲ್ಬಿನಂಥ ಪುಟ್ಟ ಗಾಜಿನ ಬುರುಡೆಯಲ್ಲಿ ಗ್ಯಾಸಿನ ಪ್ರಮಾಣ ತೋರಿಸುವ ದ್ರವವಿದೆ. ನೀಲಿಯಾದರೆ ಕಡಿಮೆ, ಹಸಿರಾದರೆ ಸರಿ, ಹಳದಿಯಾದರೆ ಮೀನಿಗೆ ಕಂಟಕ. ಅವರು ನೋಡಿದಾಗ ಅದು ಹಳದಿಗೆ ತಿರುಗಿತ್ತು. ತಿರುಗಿಸಿ ಎರಡಕ್ಕೆ ಇಳಿಸಿದರು. ಮರುದಿನ ಮತ್ತೆ ಮೂರು! ಯಾರೋ ಬೇಕೆಂದೇ ಕೈಯಾಡಿಸುತ್ತಿದ್ದಾರೆ. ಗ್ಯಾಸು ದಿನಾ ಹೀಗೆ ಏರಿಳಿದರೆ ಪಾಚಿಗೆ ಹಬ್ಬ, ಅದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದಕ್ಕೇ ಇವತ್ತು ಈ ಕರವಸ್ತ್ರದ ವೇಷ.

ಮಧ್ಯಾಹ್ನ ಹನ್ನೆರಡಕ್ಕೆ ಮಗಳು ಗೊಬ್ಬರದ ಬಾಟಲಿ ಹಿಡಿದು ಬಂದಳು. ಅಳೆದು ಹಾಕಿದಳು. ಆಮೇಲೆ ಅತ್ತಿತ್ತ ನೋಡಿ, ಮಂಡಿಯೂರಿ, ತೊಟ್ಟಿಯ ಕೆಳಗಿನ ಬೀರುವಿನ ಬಾಗಿಲು ತೆರೆದು ವಾಲ್ವಿಗೆ ಕೈ ಹಾಕಿದಳು.

ಮೇಷ್ಟ್ರು ಧಡಕ್ಕನೆ ಎದ್ದರು. ಮರುಕ್ಷಣ ಪತ್ರಿಕೆ ನೆಲಕ್ಕೆ ಬಿತ್ತು.

"ನೀನೇನಾ? ಹೊಟ್ಟೆಗೆ ಅನ್ನ ತಿಂತೀಯೋ ಇನ್ನೇನು ತಿಂತೀಯೋ? ಒಂಬತ್ತು ತಿಂಗಳಿಂದ ಊರವರನ್ನೆಲ್ಲ ಬೈಕೊಂಡು ತಿರುಗ್ತಿದೀನಿ, ಮನೇಲೇ ಇಟ್ಕೊಂಡಿದೀನಿ ಶನೀನ!"

ಕಾಯುತ್ತಿದ್ದ ನಾಲ್ಕೈದು ಜನ ನೋವು ಮರೆತು ತಿರುಗಿದರು. ಮಗಳು ಎದ್ದು ನಿಂತಳು. ಅಪ್ಪನ ಕೆನ್ನೆಯ ಕರವಸ್ತ್ರ ನೋಡಿ ಮೊದಲು ಗಾಬರಿಯಾದಳು. ಆಮೇಲೆ ವಿಷಯ ತಿಳಿದು ಅವಳ ಮುಖವೂ ಕೆಂಪಾಯಿತು. ಅಪ್ಪನ ಸಿಟ್ಟು ಮಗಳಿಗೂ ಬಂದಿತ್ತು, ಇಷ್ಟು ದಿನ ನುಂಗಿಕೊಂಡಿದ್ದಳಷ್ಟೇ.

"ಬುರುಡೆ ಈಗ ಯಾವ ಬಣ್ಣ ಇದೆ, ಹೇಳಪ್ಪ."

"ಕಣ್ಣಿಲ್ವಾ ನಿಂಗೆ? ಹಸಿರು. ಬೆಳಿಗ್ಗೆ ನಾನೇ ಇಳಿಸಿ ಹೋಗಿದ್ದು."

ಅವಳು ಬುರುಡೆಯತ್ತ ಬೆರಳು ತೋರಿಸಿದಳು. ಬೆಂಚಿನ ತುದಿಯಲ್ಲಿ, ಆಗ ತಾನೇ ಇಂಜೆಕ್ಷನ್ ಹಾಕಿಸಿಕೊಂಡು ಕೂತಿದ್ದ ದವಡೆ ಊದಿದ ಹೆಂಗಸಿನ ಕಡೆ ನೋಡಿದಳಷ್ಟೇ. ಆಕೆಗೆ ಇವರ ಮನೆಯ ರಾಮಾಯಣ ಏನು ಗೊತ್ತು? ಮರಗಟ್ಟಿದ ಬಾಯನ್ನು ಕಷ್ಟಪಟ್ಟು ಸೊಟ್ಟಗೆ ಆಡಿಸಿ, "ಈಲಿ" ಅಂದರು. ಅರ್ಥವಾಗಲಿಲ್ಲವೇನೋ ಎಂದು ತಮ್ಮ ನೀಲಿ ಕೈಚೀಲವನ್ನು ಎತ್ತಿ ತೋರಿಸಿದರು. ಪಕ್ಕದವರೂ ಹೌದೆಂದು ತಲೆಯಾಡಿಸಿದರು.

ಮೇಷ್ಟ್ರು ಕೈಚೀಲ ನೋಡಿದರು, ಬುರುಡೆ ನೋಡಿದರು. ಎರಡೂ ಒಂದೇ ಮಂಕು ಹಸಿರು. ಆ ಬಕೆಟ್ಟಿನ ಹಾಗೇ.

"ಎಷ್ಟು ದಿನದಿಂದ ಗೊತ್ತು ನಿಂಗೆ?" ಎಂದರು. ದನಿ ಇಳಿದಿರಲಿಲ್ಲ, ಆದರೆ ಒಳಗಿನ ಗಾಳಿ ಹೋಗಿತ್ತು.

"ಮೊದಲ ದಿನದಿಂದ. ಅವತ್ತೇ ಹೇಳಿದೆ, ಅಪ್ಪ ಇದು ನೀಲಿ ಅಂತ. ನಂಗೇ ಬಣ್ಣ ಕಲಿಸ್ತೀಯಾ ಅಂತ ಬಾಟ್ಲಿ ಎಸೆದೆ. ಗ್ಯಾಸು ನಂದು, ನೀನು ಮುಟ್ಟಕೂಡದು ಅಂದೆ. ಇನ್ನೊಂದ್ಸಲ ಹೇಳೋಕೆ ನಂಗೇನು ಹುಚ್ಚಾ? ಗಿಡ ಸಾಯೋದು ನೋಡಕ್ಕಾಗ್ದೆ ನೀನು ಇಳಿಸಿದ್ದನ್ನ ನಾನು ಏರಿಸ್ತಾ ಬಂದೆ."

ಅವಳು ಏರಿಸುವುದು, ಅವರು ಇಳಿಸುವುದು. ಪಾಚಿ ಬೆಳೆಸಿದ್ದು ಅಪ್ಪ ಮಗಳಿಬ್ಬರೇ, ದಿನವೂ, ಶ್ರದ್ಧೆಯಿಂದ. ಮೇಷ್ಟ್ರಿಗೆ ಸಿಲಿಂಡರಿನವನು ನೆನಪಾದ. ನೆಲ ಒರೆಸುವವಳು ಸಪ್ಪೆ ಮುಖ ಮಾಡಿ ನಿಂತದ್ದು ನೆನಪಾಯಿತು. ನಾಚಿಕೆಯಾಯಿತು. ಆ ನಾಚಿಕೆಯ ಮೇಲೂ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಎರಡು ಕಣ್ಣುಗಳ ಮೇಲೆ. ಮೂವತ್ತು ವರ್ಷ ಅನ್ನ ಹಾಕಿದವು ಒಂದು ಮಾತೂ ಹೇಳದೆ ಕೈಕೊಟ್ಟಿದ್ದವು.

ಕೊನೆಗೆ ಕರವಸ್ತ್ರ ಬಿಚ್ಚಿ ಜೇಬಿಗೆ ತುರುಕಿ, "ಏರಿಸು" ಎಂದರು.

ಅವಳು ಮೂರಕ್ಕೆ ಏರಿಸಿದಳು. ಅವರು ನಾಡಿ ಹಿಡಿದು ಎಣಿಸಿ ನೋಡಿದರು. ಸರಿಯಿತ್ತು. ಬುರುಡೆಯ ಬಣ್ಣ ತಿರುಗಲು ಎರಡು ಗಂಟೆ ಬೇಕು. ಇಬ್ಬರೂ ಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಒಳಗೆ ಯಾರದೋ ಹಲ್ಲು ಕೊರೆಯುವ ಸದ್ದು ಕೇಳುತ್ತಿತ್ತು. ದವಡೆಯ ಹೆಂಗಸು ಒಳಗೆ ಹೋಗಿ ಹೊರಗೆ ಬಂದು ಮನೆಗೂ ಹೋದರು.

ಎರಡು ದಾಟಿದ ಮೇಲೆ ಮಗಳು ಮೆಲ್ಲಗೆ, "ಆಯ್ತು ಅಪ್ಪ. ಹಸಿರಾಯ್ತು" ಅಂದಳು.

ಮೇಷ್ಟ್ರು ನೋಡಿದರು. ಅವರ ಕಣ್ಣಿಗೆ ಅದು ಹಳದಿ. ಮೀನು ಸಾಯುವ ಹಳದಿ. ಕೈ ತಾನಾಗಿಯೇ ವಾಲ್ವಿನ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ಅದನ್ನು ಹಿಂದಕ್ಕೆಳೆದು ತೊಡೆಯ ಕೆಳಗೆ ಅದುಮಿಕೊಂಡು ಕೂತರು.

"ಒಂದು ಮೀನು ಸತ್ತರೂ ನಿನ್ನ ಗ್ರಹಚಾರ ಬಿಡಿಸ್ತೀನಿ" ಎಂದರು.

"ಬಿಡಿಸು" ಅಂದಳು ಮಗಳು, ನಡುವಿನ ಜಾಗಕ್ಕೆ ಸರಿದು ಕೂತು.

ಅವರು ಕೈ ಹೊರಗೆ ತೆಗೆಯಲಿಲ್ಲ.